ಅತಿಥಿಗಳು ಆಡಿದ ಅಂಗಳ

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕೋಲ್ ಫೀಲ್ಡ್ ಹೌಸ್ 1955ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ನ್ಯಾಯಾಧೀಶ ವಿಲಿಯಂ ಕೋಲ್ ಅವರ ಹೆಸರು ಅದಕ್ಕೆ. ಬಾಗಿದ ಚಾವಣಿಯ ಆ ವಿಶಾಲ ಕ್ರೀಡಾಂಗಣವನ್ನು ಕಟ್ಟಿದ್ದು ಮನೆಯ ತಂಡ ಬ್ಯಾಸ್ಕೆಟ್‌ಬಾಲ್ ಆಡಲೆಂದು. ಲೋಕದ ನೆನಪಿನಲ್ಲಿ ಅದನ್ನು ಉಳಿಸಿದವರು ಮಾತ್ರ ಬಂದುಹೋದ ಅತಿಥಿಗಳು.

1966ರ ಮಾರ್ಚ್ 19ರ ರಾತ್ರಿ ಅಲ್ಲಿ ಕಾಲೇಜುಗಳ ರಾಷ್ಟ್ರೀಯ ಅಂತಿಮ ಪಂದ್ಯ ನಡೆಯಿತು. ಒಂದೆಡೆ ಅಡಾಲ್ಫ್ ರಪ್ ಪಳಗಿಸಿದ, ನಾಲ್ಕು ಬಾರಿ ಪ್ರಶಸ್ತಿ ಗೆದ್ದಿದ್ದ ಕೆಂಟಕಿ, ಆಟಗಾರರೆಲ್ಲರೂ ಬಿಳಿಯರು. ಇನ್ನೊಂದೆಡೆ ಮೆಕ್ಸಿಕೊ ಗಡಿಯ ಎಲ್ ಪಾಸೊ ಊರಿನ ಟೆಕ್ಸಸ್ ವೆಸ್ಟರ್ನ್. ಅದರ ತರಬೇತುದಾರ ಡಾನ್ ಹ್ಯಾಸ್ಕಿನ್ಸ್ ಆ ರಾತ್ರಿ ಐವರು ಕಪ್ಪು ಆಟಗಾರರನ್ನೇ ಮೊದಲಿಗೆ ಕಣಕ್ಕಿಳಿಸಿದ. ಅಂತಿಮ ಪಂದ್ಯವೊಂದರಲ್ಲಿ ಹಾಗಾದದ್ದು ಅದೇ ಮೊದಲು. ಬಿಳಿಯನೊಬ್ಬ ಜೊತೆಗಿಲ್ಲದಿದ್ದರೆ ಕಪ್ಪು ಆಟಗಾರರು ಒತ್ತಡದ ಗಳಿಗೆಯಲ್ಲಿ ಸ್ತಿಮಿತ ಕಳೆದುಕೊಳ್ಳುವರೆಂಬ ಕುರುಡು ನಂಬಿಕೆ ಅಂದು ಬಲವಾಗಿತ್ತು. ಬಾಬಿ ಜೋ ಹಿಲ್ ಬೆನ್ನುಬೆನ್ನಿಗೆ ಎರಡು ಬಾರಿ ಎದುರಾಳಿಯ ಕೈಯಿಂದ ಚೆಂಡು ಕಸಿದು ಬುಟ್ಟಿಗೆ ಹಾಕಿದ್ದನ್ನೇ ಜನ ಇಂದಿಗೂ ಹೇಳುತ್ತಾರೆ. ಆದರೆ ಅಂಕಪಟ್ಟಿ ಬೇರೊಂದನ್ನು ಹೇಳುತ್ತದೆ. ಆಟದ ಓಟದಲ್ಲಿ ಹೆಚ್ಚು ಬುಟ್ಟಿ ತುಂಬಿದ್ದು ಕೆಂಟಕಿಯೇ. ಟೆಕ್ಸಸ್ ವೆಸ್ಟರ್ನ್ 72–65ರಿಂದ ಗೆದ್ದದ್ದು ಗೆರೆಯ ಮುಂದೆ ಒಬ್ಬಂಟಿಯಾಗಿ ನಿಂತು ಎಸೆಯುವ ಫ್ರೀ ಥ್ರೋಗಳಿಂದ. 34ರಲ್ಲಿ 28 ಸಫಲವಾದವು. ಸ್ತಿಮಿತದ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವುಂಟೆ?

1972ರಲ್ಲಿ ಚೀನಾದ ಟೇಬಲ್ ಟೆನಿಸ್ ತಂಡ ಅಲ್ಲಿ ಆಡಿತು. 1974ರಲ್ಲಿ ಎಲ್ವಿಸ್ ಪ್ರೀಸ್ಲಿ ಎರಡು ರಾತ್ರಿ ಹಾಡಿದ. ಮರುವರ್ಷ ಇಮ್ಯಾಕ್ಯುಲೇಟಾ ಎಂಬ ಪುಟ್ಟ ಕಾಲೇಜಿನ ಹೆಣ್ಣುಮಕ್ಕಳು ಆತಿಥೇಯ ತಂಡವನ್ನು ಸೋಲಿಸಿದರು. ದೇಶವ್ಯಾಪಿಯಾಗಿ ದೂರದರ್ಶನದಲ್ಲಿ ಬಿತ್ತರವಾದ ಮೊದಲ ಮಹಿಳಾ ಬ್ಯಾಸ್ಕೆಟ್‌ಬಾಲ್ ಪಂದ್ಯವದು.

ಇಷ್ಟರ ನಡುವೆ ಮನೆಯವನೊಬ್ಬನ ಮಾತು ಹಿಂದೆಬಿತ್ತು. ಆ 1966ರ ಋತುವಿನಲ್ಲೇ ಮೇರಿಲ್ಯಾಂಡಿನ ಬಿಲ್ಲಿ ಜೋನ್ಸ್ ಅಟ್ಲಾಂಟಿಕ್ ಕೋಸ್ಟ್ ಕೂಟದ ಮೊದಲ ಕಪ್ಪು ಬ್ಯಾಸ್ಕೆಟ್‌ಬಾಲ್ ಆಟಗಾರನಾಗಿ ಅದೇ ನೆಲದ ಮೇಲೆ ಓಡುತ್ತಿದ್ದ. ಅದಕ್ಕೂ ಮುನ್ನ, 1963ರಲ್ಲಿ, ಅದೇ ವಿಶ್ವವಿದ್ಯಾಲಯದ ಡ್ಯಾರಿಲ್ ಹಿಲ್ ಕೂಟದ ಫುಟ್‌ಬಾಲಿನಲ್ಲಿ ಆ ಗೆರೆ ದಾಟಿದ್ದ.

2002ರ ಮಾರ್ಚಿನಲ್ಲಿ ಮನೆಯ ತಂಡ ಅಲ್ಲಿ ಕೊನೆಯ ಋತು ಮುಗಿಸಿತು. ತಿಂಗಳೊಳಗೆ ಅದು ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು ದೂರದ ಅಟ್ಲಾಂಟಾದಲ್ಲಿ, ತಾನೇ ಅತಿಥಿಯಾಗಿ. ಆಮೇಲೆ ಹಳೆಯ ಅಂಗಳದ ಒಳಗನ್ನು ಬದಲಿಸಿ ಫುಟ್‌ಬಾಲ್ ಅಭ್ಯಾಸದ ಮೈದಾನ ಮಾಡಿದರು. ಈಗ ಆ ಕಟ್ಟಡಕ್ಕೆ ಜೋನ್ಸ್-ಹಿಲ್ ಹೌಸ್ ಎಂದು ಹೆಸರು. ಈ ಹಿಲ್ ಚೆಂಡು ಕಸಿದ ಬಾಬಿ ಜೋ ಅಲ್ಲ, ಮನೆಯ ಡ್ಯಾರಿಲ್.