ಕಾರುಗಳ ಊರಿನಲ್ಲಿ ಅಪ್ಪನ ನೆನಪು

ತವರು ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಹಿತ್ತಲಿನ ಮಲ್ಲಿಗೆ ಬಳ್ಳಿ, ಅಮ್ಮನ ಸಾರಿನ ಒಗ್ಗರಣೆ, ಅಲ್ಲವೇ? ನನಗೆ ನೆನಪಾಗುವುದು ಎಂಜಿನ್ ಆಯಿಲಿನ ವಾಸನೆ! ಏಕೆಂದರೆ ನನ್ನ ತವರು ಅಮೆರಿಕದ ಡೆಟ್ರಾಯ್ಟ್.

ಅಪ್ಪ ಅರಸೀಕೆರೆಯವರು. 1965ರ ವಲಸೆ ಕಾನೂನು ನಮ್ಮ ಎಂಜಿನಿಯರುಗಳಿಗೂ ಡಾಕ್ಟರುಗಳಿಗೂ ಅಮೆರಿಕದ ಬಾಗಿಲು ತೆರೆದಿತ್ತು. ಇಲ್ಲಿ ಆಗ ಅಂಬಾಸಡರ್‌ಗೋ ಫಿಯಟ್‌ಗೋ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. “ಕಾಯೋದ್ಯಾಕೆ, ಕಾರು ಮಾಡೋ ಊರಿಗೇ ಹೋಗ್ತೀನಿ” ಎಂದು 1971ರಲ್ಲಿ ವಿಮಾನ ಹತ್ತಿದರಂತೆ. ಎರಡು ವರ್ಷದ ಮೇಲೆ ಅಮ್ಮ ಮೂರು ವರ್ಷದ ನನ್ನನ್ನು ಎತ್ತಿಕೊಂಡು ಹೋದಳು. ಡೆಟ್ರಾಯ್ಟ್ ನದಿ ದಾಟಿ ಕೆನಡಾಕ್ಕೆ ಹೋಗಲು 1929ರಲ್ಲಿ ಕಟ್ಟಿದ ದೊಡ್ಡ ಸೇತುವೆಯೊಂದಿದೆ. ಅದರ ಹೆಸರೂ ಅಂಬಾಸಡರ್! “ನೋಡೇ, ನಮ್ಮ ಅಂಬಾಸಡರ್ ಇಲ್ಲಿ ಕಾಯದೇನೇ ಸಿಕ್ತು” ಎಂದು ಅಪ್ಪ ಅದನ್ನೇ ಮೊದಲು ತೋರಿಸಿದ್ದರಂತೆ.

ಅಪ್ಪ ತೀರಿಕೊಂಡ ಮೇಲೆ ಬಂದ ಬೇಸಿಗೆಯಲ್ಲಿ ನಾನು ಬೆಂಗಳೂರಿನಿಂದ ಹೋದೆ. ಮನೆ, ಕಾರು ಎರಡನ್ನೂ ಮಾರಿಸಿ ಎಪ್ಪತ್ತಾರರ ಅಮ್ಮನನ್ನು ಜೊತೆಗೆ ಕರೆತರುವುದು ನನ್ನ ಲೆಕ್ಕ. ಅಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. “ನಾಳೆ ಡಿಯರ್‌ಬಾರ್ನ್‌ಗೆ ಹೋಗಿಬರೋಣ ಬಾ” ಎಂದಳಷ್ಟೆ. ಬೆಳಿಗ್ಗೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ತಾನೇ ಸ್ಟಿಯರಿಂಗ್ ಮುಂದೆ ಕುಳಿತಳು.

ಡಿಯರ್‌ಬಾರ್ನ್ ಡೆಟ್ರಾಯ್ಟಿಗೆ ಅಂಟಿಕೊಂಡೇ ಇರುವ ಊರು. ಹೆನ್ರಿ ಫೋರ್ಡ್ ಕಟ್ಟಿಸಿದ ವಸ್ತುಸಂಗ್ರಹಾಲಯ ಇರುವುದು ಇಲ್ಲಿಯೇ. 1963ರಲ್ಲಿ ಅಧ್ಯಕ್ಷ ಕೆನಡಿ ಗುಂಡೇಟು ತಿಂದಾಗ ಕುಳಿತಿದ್ದ ಲಿಂಕನ್ ಕಾರು ಇಲ್ಲಿದೆ. 1955ರಲ್ಲಿ ರೋಸಾ ಪಾರ್ಕ್ಸ್ ಎಂಬ ಕರಿಯ ಹೆಣ್ಣುಮಗಳು ಬಿಳಿಯನಿಗೆ ಸೀಟು ಬಿಡೆನೆಂದು ಗಟ್ಟಿಯಾಗಿ ಕುಳಿತ ಬಸ್ಸೂ ಇದೆ. ಹತ್ತಿ ಕೂರಬಹುದು, ನೀವು ಹೋದರೆ ತಪ್ಪಿಸಬೇಡಿ.

ಆದರೆ ಅಪ್ಪನಿಗೆ ಇದು ಮಾಡೆಲ್-ಟಿಯ ದೇವಸ್ಥಾನ. 1908ರಲ್ಲಿ ಹುಟ್ಟಿದ ಆ ಕಾರು 1927ರ ಹೊತ್ತಿಗೆ ಒಂದೂವರೆ ಕೋಟಿ ತಯಾರಾಗಿತ್ತು. ಮೊದಲು ಅದರ ಅಡಿಗಟ್ಟು ಜೋಡಿಸಲು 12 ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. 1913ರಲ್ಲಿ, ಕೆಲಸಗಾರ ನಿಂತಲ್ಲಿಗೇ ಕಾರು ಸಾಗಿ ಬರುವ ಏರ್ಪಾಡಾದ ಮೇಲೆ ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯತೊಡಗಿತು. “ಮದುವೆ ಮನೆ ಹೋಳಿಗೆ ಥರ ಕಣೇ! ಒಬ್ಬಳು ಹೂರಣ ತುಂಬೋದು, ಒಬ್ಬಳು ತಟ್ಟೋದು, ಒಬ್ಬಳು ಬೇಯಿಸೋದು” ಎಂದು ಅಪ್ಪ ಅಮ್ಮನಿಗೆ ವಿವರಿಸುತ್ತಿದ್ದರು. ಸುಮಾರು 850 ಡಾಲರಿದ್ದ ಬೆಲೆ 1925ರ ವೇಳೆಗೆ 300ರ ಕೆಳಗಿಳಿಯಿತು.

ಅಷ್ಟು ಪ್ರೀತಿಸಿದ ಕಾರೇ ಒಮ್ಮೆ ಅಪ್ಪನ ಕೈಬಿಟ್ಟಿತು. 1980ರಲ್ಲಿ ಕಾರುಗಳ ವ್ಯಾಪಾರ ಕುಸಿದಾಗ ಅವರ ಕೆಲಸ ಹೋಯಿತು. ಸಿಕ್ಕ ಇನ್ನೊಂದು ಕೆಲಸ ದೂರದೂರಿನಲ್ಲಿ. ಮನೆಗೆ ಬರುವುದು ವಾರಕ್ಕೊಮ್ಮೆ. ಕಾರೆಂದರೆ ನಡುಗುತ್ತಿದ್ದ ಅಮ್ಮನಿಗೆ ಭಾನುವಾರ ಖಾಲಿ ಬಿದ್ದಿರುತ್ತಿದ್ದ ಅಂಗಡಿ ಮೈದಾನದಲ್ಲಿ ಪಾಠ ಶುರುವಾಯಿತು. “ಫೋರ್ಡನ ಹೆಂಡತಿ ಕ್ಲಾರಾ ಬ್ಯಾಟರಿ ಕಾರು ಓಡಿಸ್ತಿದ್ದಳು ಕಣೇ, ನೂರು ವರ್ಷದ ಹಿಂದೇನೇ ಆಕೆಗೆ ಆಗಿದ್ದು ನಿನಗ್ಯಾಕೆ ಆಗಲ್ಲ?” ಎನ್ನುತ್ತಿದ್ದರು. ಅದು ನೂರಲ್ಲ, ಎಪ್ಪತ್ತೇ ವರ್ಷ ಎಂದು ನಾನು ಹಿಂದಿನ ಸೀಟಿನಿಂದ ತಿದ್ದಿದರೆ ಯಾರೂ ಕೇಳುತ್ತಿರಲಿಲ್ಲ. ಹಿಮದಲ್ಲಿ ಕಾರು ಜಾರಿದಾಗ ಬ್ರೇಕ್ ಮೇಲೆ ನಿಲ್ಲಬಾರದು, ಕಾಲು ತೆಗೆದು ಹೋಗಬೇಕಾದ ಕಡೆಗೆ ನೋಡಬೇಕು. ಇದು ಅವರ ಮುಖ್ಯ ಪಾಠ. ಆ ಚಳಿಗಾಲವೆಲ್ಲ ನನ್ನನ್ನು ಶಾಲೆಗೆ ಬಿಟ್ಟವಳು ಅಮ್ಮ.

ಪಕ್ಕದ ಗ್ರೀನ್‌ಫೀಲ್ಡ್ ವಿಲೇಜಿಗೆ ಟಿಕೆಟ್ ಬೇರೆ. ಜನವರಿ, ಫೆಬ್ರವರಿಯ ಚಳಿಯಲ್ಲಿ ಅದು ಮುಚ್ಚಿರುತ್ತದೆ, ಬೇಸಿಗೆಯಲ್ಲೇ ಹೋಗಿ. ರೈಟ್ ಸೋದರರ ಸೈಕಲ್ ಅಂಗಡಿಯನ್ನು ಕಿತ್ತು ತಂದು ಇಲ್ಲಿ ನಿಲ್ಲಿಸಿದ್ದಾರೆ. ಮಾಡೆಲ್-ಟಿಯಲ್ಲಿ ಸವಾರಿಯೂ ಉಂಟು. ಅದರ ಮೂರು ಪೆಡಲ್‌ಗಳಲ್ಲಿ ಒಂದೂ ವೇಗದ್ದಲ್ಲ, ವೇಗವೆಲ್ಲ ಸ್ಟಿಯರಿಂಗ್ ಕೆಳಗಿನ ಕೈಪಿಡಿಯಲ್ಲಿ. ಅಮ್ಮ ದಾರಿ ನೋಡಲೇ ಇಲ್ಲ, ಚಾಲಕನ ಕೈಕಾಲುಗಳನ್ನೇ ನೋಡುತ್ತಿದ್ದಳು. ಇಳಿದು ಸೆರಗಿನಿಂದ ಕಣ್ಣೊರೆಸಿಕೊಂಡು, “ಇದೊಂದನ್ನ ನಿಮ್ಮಪ್ಪ ಕಲಿಸಲಿಲ್ಲ ನೋಡು” ಎಂದಳು.

ವಾಪಸು ಬರುವಾಗ ಧೋ ಎಂದು ಮಳೆ. “ನಾನು ಓಡಿಸ್ಲಾ ಅಮ್ಮ?” ಎಂದೆ. “ನೀನು ಸುಮ್ನೆ ಕೂತ್ಕೋ” ಎಂದು ವೈಪರ್ ಹಾಕಿದಳು. ಕೈ ನಡುಗಲಿಲ್ಲ. ಮಾರುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಆಯುಧಪೂಜೆಗೆ ಅಮ್ಮ ಫೋಟೋ ಕಳಿಸಿದ್ದಳು. ಅಪ್ಪ ಮಾಡುತ್ತಿದ್ದಂತೆಯೇ ಕಾರಿಗೆ ಕುಂಕುಮ, ಅಲ್ಲಿ ಅಕ್ಟೋಬರಿನಲ್ಲಿ ಧಾರಾಳವಾಗಿ ಸಿಗುವ ಸೇವಂತಿಗೆ, ಚಕ್ರದಡಿ ನಿಂಬೆಹಣ್ಣು. ಕೆಳಗೆ ಒಂದು ಸಾಲು: “ನಿಂಬೆಹಣ್ಣು ನಾನೇ ಹತ್ತಿಸಿ ಒಡೆದೆ.”