ಬೋಲ್ಟಿಗೆ ಎಷ್ಟು ಬಿಗಿ?

ಹಳೆಯ ಕಾರಿನ ಎಂಜಿನ್ನನ್ನು ಬಿಚ್ಚಲು ಧೈರ್ಯವೊಂದಿದ್ದರೆ ಸಾಕು. ಬಿಚ್ಚಿದ್ದನ್ನು ಮತ್ತೆ ಕೂಡಿಸಿ ಓಡಿಸಲು ಅಂಕಿಗಳು ಬೇಕಾಗುತ್ತವೆ. ಗ್ಯಾರೇಜಿನ ಮಾತಿನಲ್ಲಿ ‘ಹೆಡ್’ ಎನಿಸಿಕೊಳ್ಳುವ, ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಆ ಭಾರದ ಲೋಹದ ಅಚ್ಚನ್ನು ಕೆಳಗಿನ ಬ್ಲಾಕಿನ ಮೇಲೆ ಕೂರಿಸಿ, ನಡುವೆ ಗ್ಯಾಸ್ಕೆಟ್ ಎಂಬ ತೆಳುಹಾಳೆಯನ್ನಿಟ್ಟು, ಸುತ್ತಲಿನ ಬೋಲ್ಟುಗಳನ್ನು ಪಾನಾ ಹಿಡಿದು ತಿರುಗಿಸುತ್ತ ಹೋಗುವಾಗ ಎಲ್ಲಿಗೆ ನಿಲ್ಲಿಸಬೇಕೆಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ತಯಾರಕರು ಕೊಟ್ಟ ಉತ್ತರವೇ ಟಾರ್ಕ್, ಅಂದರೆ ತಿರುಚುಬಲದ ಅಳತೆ. ಹೊರಗಿನವರಿಗೆ ಇದೊಂದು ಶುಷ್ಕ ಸಂಖ್ಯೆಯಾಗಿ ಕಾಣಬಹುದಾದರೂ, ಹಳೆಯ ವಾಹನಗಳ ಮೋಹವಿರುವವರಿಗೆ ಇಡೀ ರಿಪೇರಿಯಲ್ಲಿ ಇದಕ್ಕಿಂತ ರುಚಿಯಾದ ಘಟ್ಟ ಇನ್ನೊಂದಿಲ್ಲ.

ಮೈಲಾರಲಿಂಗನ ಕ್ಷೇತ್ರವಿರುವ ಹೂವಿನಹಡಗಲಿ, ಅದರ ನೆರೆಹೊರೆಯ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು ಮತ್ತು ಕೂಡ್ಲಿಗಿ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಊರಿಂದೂರಿಗೆ ದೂರ ಹೆಚ್ಚು, ಬಿಸಿಲು ಹೆಚ್ಚು, ಮಳೆ ಕಡಿಮೆ ಎನ್ನುವಂಥ ಈ ಸೀಮೆಯಲ್ಲಿ ವಾಹನವನ್ನು ಹಳತಾಯಿತೆಂದು ಬಿಡುವುದಕ್ಕಿಂತ ಕೆಟ್ಟದ್ದನ್ನು ಸರಿಪಡಿಸಿ ಓಡಿಸುವುದೇ ರೂಢಿ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಜೋಡಿಸಲಾರಂಭಿಸಿದ ವಿಲ್ಲೀಸ್ ಜೀಪಿನ ವಂಶಸ್ಥರು, 2014ರವರೆಗೆ ಕೊಲ್ಕತ್ತದ ಬಳಿಯ ಉತ್ತರಪಾಡದಲ್ಲಿ ತಯಾರಾದ ಅಂಬಾಸಡರ್, ಫಿಯೆಟ್ 1100ರ ಅಚ್ಚಿನಲ್ಲೇ ಮೂಡಿದ ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800, ಈ ನಾಲ್ಕು ಮನೆತನಗಳನ್ನು ಬಲ್ಲವರಿಗೆ ಕರ್ನಾಟಕದ ಅರ್ಧ ಶತಮಾನದ ಮೋಟಾರು ಚರಿತ್ರೆಯೇ ತಿಳಿದಂತೆ. ಈ ನಾಲ್ಕಕ್ಕೂ ಬೋಲ್ಟುಗಳ ಅಳತೆ ಬೇರೆ, ಲೋಹ ಬೇರೆ, ಟಾರ್ಕಿನ ಪಟ್ಟಿಯೂ ಬೇರೆ.

ಬೋಲ್ಟು ಎರಡು ತುಂಡುಗಳನ್ನು ಹೇಗೆ ಹಿಡಿದಿಡುತ್ತದೆಂಬುದನ್ನು ಮೊದಲು ತಿಳಿಯಬೇಕು. ಬಿಗಿಯುತ್ತ ಹೋದಂತೆ ಉಕ್ಕಿನ ಬೋಲ್ಟು ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತದೆ; ಹಿಗ್ಗಿದ ಉಕ್ಕು ಮತ್ತೆ ತನ್ನ ಮೊದಲಿನ ಉದ್ದಕ್ಕೆ ಮರಳಲು ಎಳೆಯುತ್ತಿರುವುದರಿಂದ ಹೆಡ್ಡು ಬ್ಲಾಕಿಗೆ ಒತ್ತಿಕೊಂಡಿರುತ್ತದೆ. ನೂರು ಮಿಲಿಮೀಟರ್ ಉದ್ದದ ಬೋಲ್ಟೊಂದು ಸರಿಯಾಗಿ ಬಿಗಿಯಾದಾಗ ಹಿಗ್ಗುವುದು ಸುಮಾರು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಮಾತ್ರ. ಹಿಗ್ಗು ಇದಕ್ಕಿಂತ ತೀರ ಕಡಿಮೆಯಾದರೆ ಸಿಲಿಂಡರಿನೊಳಗಿನ ಸ್ಫೋಟದ ಒತ್ತಡಕ್ಕೆ ಗ್ಯಾಸ್ಕೆಟ್ ಬಿಟ್ಟುಕೊಟ್ಟು, ನೀರು ಎಣ್ಣೆಗೂ ಎಣ್ಣೆ ನೀರಿಗೂ ಸೇರುತ್ತದೆ. ಹೆಚ್ಚಾದರೆ ಉಕ್ಕು ತನ್ನ ಸ್ಥಿತಿಸ್ಥಾಪಕ ಮಿತಿಯನ್ನು, ಎಂದರೆ ಎಳೆದು ಬಿಟ್ಟಾಗ ಮೊದಲಿನಂತಾಗುವ ಗುಣದ ಎಲ್ಲೆಯನ್ನು, ದಾಟಿ ಶಾಶ್ವತವಾಗಿ ನೀಳವಾಗುತ್ತದೆ, ಇಲ್ಲವೇ ಬ್ಲಾಕಿನೊಳಗಿನ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ. ತಯಾರಕರಿಗೆ ನಿಜವಾಗಿ ಬೇಕಾಗಿರುವುದು ಈ ಹಿಗ್ಗು. ಅದನ್ನು ಗ್ಯಾರೇಜಿನಲ್ಲಿ ಅಳೆಯುವುದು ಕಷ್ಟವಾದುದರಿಂದಲೇ ಅಳೆಯಲು ಸುಲಭವಾದ ತಿರುಚುಬಲವನ್ನು ಅವರು ಪುಸ್ತಕದಲ್ಲಿ ಬರೆದುಕೊಟ್ಟಿದ್ದಾರೆ.

ಹೀಗೆ ಒಂದರ ಬದಲು ಇನ್ನೊಂದನ್ನು ಅಳೆಯುವುದರಿಂದಲೇ ಈ ವಿದ್ಯೆಗೆ ಅದರ ಸ್ವಾರಸ್ಯ ಬಂದಿದೆ. ಪಾನಾದ ಮೇಲೆ ಹಾಕಿದ ಬಲದಲ್ಲಿ ಸುಮಾರು ಅರ್ಧದಷ್ಟು ಬೋಲ್ಟಿನ ತಲೆಯ ಅಡಿಯ ಘರ್ಷಣೆಗೆ, ಶೇಕಡ 40ರಷ್ಟು ಥ್ರೆಡ್ಡಿನ ಘರ್ಷಣೆಗೆ ಖರ್ಚಾಗಿ, ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಹತ್ತನೇ ಒಂದು ಪಾಲು. ಹತ್ತು ಮಿಲಿಮೀಟರ್ ದಪ್ಪದ ಬೋಲ್ಟನ್ನು ಒಣಗಿದ ಥ್ರೆಡ್ಡಿನಲ್ಲಿ 50 ನ್ಯೂಟನ್ ಮೀಟರಿಗೆ ಬಿಗಿದಾಗ ಅದು ಸುಮಾರು ಎರಡೂವರೆ ಟನ್ ತೂಕಕ್ಕೆ ಸಮನಾದ ಬಲದಿಂದ ಹಿಡಿಯುತ್ತದೆ. ಅದೇ ಥ್ರೆಡ್ಡಿಗೆ ಎಣ್ಣೆ ಸವರಿ ಅದೇ 50ಕ್ಕೆ ಬಿಗಿದರೆ ಹಿಡಿತ ಸುಮಾರು ಮೂರು ಟನ್ 400 ಕಿಲೋಗೆ ಏರಿ, ಸಾಮಾನ್ಯ 8.8 ದರ್ಜೆಯ ಬೋಲ್ಟು ಸುರಕ್ಷಿತವಾಗಿ ತಾಳಬಲ್ಲ ಮಿತಿಯ ಅಂಚನ್ನು ಮುಟ್ಟುತ್ತದೆ. ಆದುದರಿಂದ ‘ಎಷ್ಟಕ್ಕೆ ಬಿಗಿಯಬೇಕು’ ಎಂಬ ಪ್ರಶ್ನೆಯ ಬೆನ್ನಿಗೇ ‘ಎಣ್ಣೆ ಹಚ್ಚಿಯೋ ಹಚ್ಚದೆಯೋ’ ಎಂಬುದನ್ನೂ ಕೇಳಬೇಕು. ತಳ ಮುಚ್ಚಿದ ತೂತುಗಳಲ್ಲಿ ಮಾತ್ರ ಎಣ್ಣೆ ನಿಲ್ಲದಂತೆ ಒರೆಸಿ ತೆಗೆಯಬೇಕು, ಏಕೆಂದರೆ ಇಳಿಯುವ ಬೋಲ್ಟಿನಡಿ ಸಿಕ್ಕಿಬಿದ್ದ ಎಣ್ಣೆಗೆ ಹೊರಹೋಗಲು ದಾರಿಯಿಲ್ಲದೆ ಬ್ಲಾಕನ್ನೇ ಸೀಳಿಬಿಡುವ ಶಕ್ತಿ ಬರುತ್ತದೆ.

ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಡೆಂಕನಮರಡಿಯಲ್ಲಿ ಬಿಲ್ಲನ್ನೇರಿದ ಗೊರವಯ್ಯ ನುಡಿಯುವ ಕಾರಣಿಕ, ಎಂದರೆ ಭವಿಷ್ಯವಾಣಿ, ಒಂದೇ ಸಾಲಿನದಾದರೂ, ಅದು ಮಳೆಗೆ ಹೇಳಿದ್ದೋ ಬೆಳೆಗೆ ಹೇಳಿದ್ದೋ ರಾಜಕೀಯಕ್ಕೆ ಹೇಳಿದ್ದೋ ಎಂಬ ವ್ಯಾಖ್ಯಾನ ಊರೂರಿನ ಕಟ್ಟೆಗಳಲ್ಲಿ ದಿನಗಟ್ಟಲೆ ನಡೆಯುತ್ತದೆ. ರಿಪೇರಿ ಪುಸ್ತಕದ ಟಾರ್ಕ್ ಅಂಕಿಯೂ ಅದೇ ಜಾತಿಯದು, ನುಡಿ ಚಿಕ್ಕದು, ಅರ್ಥ ಬಿಡಿಸುವ ಕೆಲಸ ದೊಡ್ಡದು. ಅದು ಯಾವ ಎಂಜಿನ್ನಿಗೆ ಹೇಳಿದ್ದು ಎಂಬುದು ಮೊದಲ ಪ್ರಶ್ನೆ. ನೋಂದಣಿ ಪತ್ರದಲ್ಲಿ ಅಂಬಾಸಡರ್ ಎಂದಿದ್ದ ಮಾತ್ರಕ್ಕೆ ಉತ್ತರ ಸಿಕ್ಕಂತಾಗದು: ಆರಂಭದ ಸೈಡ್‌ವಾಲ್ವ್ ಎಂಜಿನ್ನಿನ ನಂತರ ದಶಕಗಳ ಕಾಲ ಬಳಕೆಯಲ್ಲಿದ್ದ ಬ್ರಿಟನ್ನಿನ ಬಿಎಂಸಿ ಸಂಸ್ಥೆಯ 1489 ಸಿಸಿ ಪೆಟ್ರೋಲ್ ಎಂಜಿನ್, ಅದೇ ಬಳಗದ ಡೀಸೆಲ್, 1990ರ ದಶಕದ ಇಸುಜು 1.8 ಲೀಟರ್, ಇವೆಲ್ಲವೂ ಒಂದೇ ಬಾನೆಟ್ಟಿನಡಿ ಬಾಳಿವೆ. ಜೀಪುಗಳ ವಿಷಯದಲ್ಲಂತೂ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸುವ ಪದ್ಧತಿ ಎಷ್ಟು ಸಾಮಾನ್ಯವೆಂದರೆ, ಹೊರಮೈ ನೋಡಿ ಒಳಗಿನದನ್ನು ಊಹಿಸುವುದು ಜಾಣತನವಲ್ಲ. ಬ್ಲಾಕಿನ ಬದಿಗೆ ದಶಕಗಳಿಂದ ಮೆತ್ತಿಕೊಂಡ ಗ್ರೀಸು ಮತ್ತು ಕೆಂಪು ಧೂಳನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ ತೆಗೆದಾಗ ಎಂಜಿನ್ ನಂಬರಿನ ಅಕ್ಷರಗಳು ಒಂದೊಂದಾಗಿ ಎದ್ದುಬರುವುದನ್ನು ನೋಡುವ ಸುಖ, ಮಣ್ಣು ಮೆತ್ತಿದ ಶಾಸನವನ್ನು ತೊಳೆದು ಓದುವವರಿಗೂ ಅಪರಿಚಿತವಾದುದೇನಲ್ಲ.

ಎಂಜಿನ್ನಿನ ಗುರುತು ಸಿಕ್ಕ ಮೇಲೆ ಅಂಕಿಯ ಮಾನ ಯಾವುದೆಂದು ನೋಡಬೇಕು. ಬ್ರಿಟನ್ ಮತ್ತು ಅಮೆರಿಕದ ಮೂಲದ ಎಂಜಿನ್ನುಗಳಿಗೆ ಅಡಿ-ಪೌಂಡ್, ಇಟಲಿ ಮತ್ತು ಜಪಾನ್ ಮೂಲದವಕ್ಕೆ ಕಿಲೋಗ್ರಾಂ-ಮೀಟರ್, ಈಚಿನ ಪುಸ್ತಕಗಳಲ್ಲಿ ನ್ಯೂಟನ್ ಮೀಟರ್. ಒಂದು ಕಿಲೋಗ್ರಾಂ-ಮೀಟರ್ ಎಂದರೆ ಒಂದು ಮೀಟರ್ ಉದ್ದದ ಹಿಡಿಕೆಯ ತುದಿಗೆ ಒಂದು ಕಿಲೋ ತೂಗುಹಾಕಿದಾಗ ಹುಟ್ಟುವ ತಿರುಚು, ಅದು 9.81 ನ್ಯೂಟನ್ ಮೀಟರಿಗೆ, ಅಥವಾ 7.23 ಅಡಿ-ಪೌಂಡಿಗೆ ಸಮ. ಸಿಜೆ-3ಬಿ ಜೀಪಿನ ಹರಿಕೇನ್ ಪೆಟ್ರೋಲ್ ಎಂಜಿನ್ನಿನ ಹೆಡ್ ಬೋಲ್ಟುಗಳಿಗೆ ಹೇಳಿರುವುದು 60ರಿಂದ 70 ಅಡಿ-ಪೌಂಡ್, ಎಂದರೆ 81ರಿಂದ 95 ನ್ಯೂಟನ್ ಮೀಟರ್. ಹೊಸ ಕಾಲದ ಟಾರ್ಕ್ ಪಾನಾ ಹಿಡಿದವರು ಆ ನಡುವಿನ 65ನ್ನು ನ್ಯೂಟನ್ ಮೀಟರೆಂದೇ ಓದಿ ಬಿಗಿದರೆ ಬೇಕಾದ ಬಿಗಿಯಲ್ಲಿ ಕಾಲು ಪಾಲಿಗೂ ಹೆಚ್ಚು ಕಡಿಮೆಯಾಗಿ, ಗ್ಯಾಸ್ಕೆಟ್ ಬಹುಕಾಲ ಬಾಳದು. ಪುಸ್ತಕದಲ್ಲಿ ಎರಡು ಅಂಚುಗಳನ್ನು ಕೊಟ್ಟಿದ್ದಾರೆಂದರೆ ಆ ನಡುವೆ ಒಂದು ಅಂಕಿಯನ್ನು ಆರಿಸಿಕೊಂಡು ಎಲ್ಲ ಬೋಲ್ಟುಗಳಿಗೂ ಅದನ್ನೇ ಪಾಲಿಸಬೇಕೆಂದು ಅರ್ಥ. ಸಂಖ್ಯೆಗಿಂತ ಸಮಾನತೆ ಇಲ್ಲಿ ಮುಖ್ಯ.

ಪುಸ್ತಕ ಸಿಗದಿದ್ದಾಗ ಬೋಲ್ಟೇ ಸಾಕ್ಷಿ ನುಡಿಯುತ್ತದೆ. ಮೆಟ್ರಿಕ್ ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ, ಮೊದಲ ಎಂಟು ಚದರ ಮಿಲಿಮೀಟರಿಗೆ 800 ನ್ಯೂಟನ್ನಿನ ಎಳೆತದಲ್ಲಿ ಅದು ತುಂಡಾಗುತ್ತದೆಂದೂ, ಎರಡನೆಯ ಎಂಟು ಅದರ ಶೇಕಡ 80ಕ್ಕೆ ಅದು ಶಾಶ್ವತವಾಗಿ ಹಿಗ್ಗಲಾರಂಭಿಸುತ್ತದೆಂದೂ ಹೇಳುತ್ತವೆ. ಅಮೆರಿಕದ ಪದ್ಧತಿಯ ಬೋಲ್ಟುಗಳ ತಲೆಯ ಮೇಲೆ ಅಂಕಿಗಳಿಲ್ಲ, ಗೆರೆಗಳಿವೆ: ಮೂರು ಗೆರೆಯದು ಐದನೆಯ ದರ್ಜೆ, ಆರು ಗೆರೆಯದು ಎಂಟನೆಯ ದರ್ಜೆ. ಥ್ರೆಡ್ಡಿನ ಜಾತಿಯೂ ಅಷ್ಟೇ ಮುಖ್ಯ. ಬ್ರಿಟನ್, ಅಮೆರಿಕ ಮತ್ತು ಕೆನಡ ದೇಶಗಳು 1948ರಲ್ಲಿ ಒಪ್ಪಿಕೊಂಡ ಏಕೀಕೃತ ಇಂಚು ಥ್ರೆಡ್ಡಿನ ಮೂರೆಂಟಾಂಶ ಇಂಚಿನ ಬೋಲ್ಟು 9.5 ಮಿಲಿಮೀಟರ್ ದಪ್ಪ. ಹತ್ತು ಮಿಲಿಮೀಟರಿನ ಮೆಟ್ರಿಕ್ ಬೋಲ್ಟಿನೊಡನೆ ಅದನ್ನು ಡಬ್ಬಿಯಲ್ಲಿ ಬೆರೆಸಿಟ್ಟರೆ ಕಣ್ಣು ಮೋಸಹೋಗುತ್ತದೆ, ಆದರೆ ಥ್ರೆಡ್ ಗೇಜು, ಎಂದರೆ ಬೇರೆಬೇರೆ ಹಲ್ಲುಗಳ ಪಟ್ಟಿಗಳಿರುವ ಪುಟ್ಟ ಅಳತೆಗೋಲು, ಮೋಸಹೋಗುವುದಿಲ್ಲ. ಲೇತಿನಲ್ಲಿ ಮಾಡಿಸಿ ತಂದ, ತಲೆಯ ಮೇಲೆ ಯಾವ ಗುರುತೂ ಇಲ್ಲದ ಬೋಲ್ಟಿಗೆ ಯಾವ ಪುಸ್ತಕದ ಅಂಕಿಯೂ ಸಲ್ಲದು. ಅದನ್ನು ಹೆಡ್ಡಿಗೆ ಬಳಸದಿರುವುದೇ ವಿವೇಕ.

ಲೋಹಗಳ ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ. ಅಂಬಾಸಡರಿನ ಬಿಎಂಸಿ ಎಂಜಿನ್ನಿನಲ್ಲಿ ಹೆಡ್ಡೂ ಬ್ಲಾಕೂ ಎರಕದ ಕಬ್ಬಿಣದವು. ಪದ್ಮಿನಿ ಮತ್ತು ಮಾರುತಿಯಲ್ಲಿ ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ಡು ಕುಳಿತಿರುತ್ತದೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ, ಎಂಜಿನ್ ಕಾದಂತೆ ಹೆಡ್ಡು ದಪ್ಪವಾಗಿ ಬೋಲ್ಟುಗಳನ್ನು ಇನ್ನಷ್ಟು ಎಳೆಯುತ್ತದೆ. ಪುಸ್ತಕ ಬೇರೆ ಹೇಳದಿದ್ದರೆ ಅಳತೆ ತಣ್ಣಗಿನ ಎಂಜಿನ್ನಿಗೇ ಎಂದು ತಿಳಿಯಬೇಕು. ಬೇಸಿಗೆಯ ಮಧ್ಯಾಹ್ನ ಕೂಡ್ಲಿಗಿಯಿಂದ ಹೆದ್ದಾರಿಯಲ್ಲಿ ಓಡಿಬಂದ ವಾಹನದ ಹೆಡ್ಡಿಗೆ ಕೈಯಿಡುವ ಮುನ್ನ ಒಂದು ರಾತ್ರಿ ಕಾಯುವುದು ಈ ಹವ್ಯಾಸ ಕಲಿಸುವ ಮೊದಲ ತಾಳ್ಮೆ.

ಬಿಗಿಯುವ ಕ್ರಮ ತನ್ನಷ್ಟಕ್ಕೇ ಒಂದು ಚೆಲುವಾದ ವಿನ್ಯಾಸ. ನಡುವಿನ ಬೋಲ್ಟಿನಿಂದ ಆರಂಭಿಸಿ, ಎಡಬಲಕ್ಕೆ ಅಡ್ಡಹಾಯುತ್ತ, ಸುರುಳಿಯಾಗಿ ಹೊರಗಿನ ಮೂಲೆಗಳಿಗೆ ಸಾಗಿದರೆ ಗ್ಯಾಸ್ಕೆಟ್ಟಿನ ಸುಕ್ಕು ಹೊರಕ್ಕೆ ಸರಿದು ಹೋಗುತ್ತದೆ. ಮೂಲೆಯಿಂದ ಆರಂಭಿಸಿದರೆ ಅದು ನಡುವೆ ಸಿಕ್ಕಿಕೊಂಡು ಹೆಡ್ಡು ಬಾಗುತ್ತದೆ. ಪೂರ್ತಿ ಬಿಗಿಯನ್ನು ಒಂದೇ ಸಲಕ್ಕೆ ಹಾಕದೆ ಮೂರು ಸುತ್ತಿನಲ್ಲಿ ಏರಿಸಬೇಕು. ಹರಿಕೇನ್ ಎಂಜಿನ್ನಿನಲ್ಲಿ ಕಾರ್ಬ್ಯುರೇಟರನ್ನು ಬಿಚ್ಚಿದರಷ್ಟೇ ಕಾಣುವ, ಗಾಳಿದ್ವಾರದೊಳಗೆ ಅಡಗಿ ಕುಳಿತ ಒಂದು ಹೆಡ್ ಬೋಲ್ಟಿದೆ. ಅದನ್ನು ತಿಳಿಯದವರು ಹೆಡ್ಡು ಏಳುತ್ತಿಲ್ಲವೆಂದು ಸುತ್ತಿಗೆ ಹುಡುಕುತ್ತಾರೆ, ತಿಳಿದವರು ಕಾರ್ಬ್ಯುರೇಟರಿನತ್ತ ಕೈಚಾಚಿ ನಗುತ್ತಾರೆ. ಹಳೆಯ ಬಗೆಯ ಗ್ಯಾಸ್ಕೆಟ್ ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ತುಸು ಕುಗ್ಗುವುದರಿಂದ ಮತ್ತೊಮ್ಮೆ ಬಿಗಿಯಬೇಕಾಗುತ್ತದೆ. ಆಗ ಒಂದೊಂದೇ ಬೋಲ್ಟನ್ನು ಕೊಂಚ ಸಡಿಲಿಸಿ ಮತ್ತೆ ಅಂಕಿಗೆ ತರಬೇಕು, ಏಕೆಂದರೆ ನಿಂತಿದ್ದ ಬೋಲ್ಟನ್ನು ಕದಲಿಸಲು ಬೇಕಾಗುವ ಹೆಚ್ಚಿನ ಬಲ ಅಳತೆಗೆ ಸುಳ್ಳು ಹೇಳಿಸುತ್ತದೆ.

ಅಳೆಯುವ ಸಾಧನವೇ ಟಾರ್ಕ್ ಪಾನಾ. ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿ ಕೊಳವೆಗಳ ಬೋಲ್ಟುಗಳು ಅತಿಯಾಗಿ ಬಿಗಿಯಾಗುವುದನ್ನು ತಡೆಯಲು ಕಾನ್ರಾಡ್ ಬಾರ್ 1918ರಲ್ಲಿ ಇದನ್ನು ರೂಪಿಸಿದನೆಂದು ಹೇಳುವುದುಂಟು. ಮುಳ್ಳು ತೋರಿಸುವ ಬಗೆ ಒಂದು, ನಿಗದಿಯಾದ ಬಿಗಿ ಮುಟ್ಟಿದೊಡನೆ ‘ಟಕ್’ ಎನ್ನುವ ಬಗೆ ಇನ್ನೊಂದು. ‘ಟಕ್’ ಎಂದ ಮೇಲೂ ನಂಬಿಕೆ ಸಾಲದೆ ಇನ್ನೊಂದು ಎಳೆತ ಎಳೆಯುವ ಕೈಗೆ ಈ ಸಾಧನದ ಉಪಯೋಗವಿಲ್ಲ. ಕೆಲಸ ಮುಗಿದ ಮೇಲೆ ಅದರ ಸ್ಪ್ರಿಂಗನ್ನು ಕನಿಷ್ಠ ಅಂಕಿಗೆ ಇಳಿಸಿಡಬೇಕು. ಬಿಚ್ಚುವ ಕೆಲಸಕ್ಕೆ ಬಳಸಬಾರದು. ಇದು ಕೈಗೆಟುಕದ ಕಡೆ ಸಂತೆಯ ಸ್ಪ್ರಿಂಗ್ ತಕ್ಕಡಿಯೂ ನಡೆಯುತ್ತದೆ: ಬೋಲ್ಟಿನ ನಡುವಿನಿಂದ ಸರಿಯಾಗಿ ಕಾಲು ಮೀಟರ್ ದೂರಕ್ಕೆ ರಿಂಗ್ ಪಾನಾದ ತುದಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಪಾನಾಕ್ಕೆ ಲಂಬವಾಗಿ 20 ಕಿಲೋ ತೋರುವವರೆಗೆ ಎಳೆದರೆ, ಅದು ಐದು ಕಿಲೋಗ್ರಾಂ-ಮೀಟರಿನ ಬಿಗಿ. ದುಬಾರಿ ಪಾನಾದ ಪೆಟ್ಟಿಗೆಯೊಳಗೂ ಇರುವುದು ಇದೇ ಸತ್ಯ.

ಅನುಭವಿ ಮೇಸ್ತ್ರಿಗಳ ಕೈ ಅಂದಾಜನ್ನು ಇಲ್ಲಿ ಹೀಗಳೆಯಬೇಕಾಗಿಲ್ಲ. ಬೋಲ್ಟು ಬಿಗಿಯಾಗದೆ ಮೆತ್ತಗೆ ಸುತ್ತುತ್ತಲೇ ಹೋಗುವುದನ್ನು, ಥ್ರೆಡ್ಡಿನಲ್ಲಿ ಮರಳಿನ ಕಣವೊಂದು ಕರಕರ ಎನ್ನುವುದನ್ನು ಯಾವ ಅಂಕಿಗಿಂತಲೂ ಮೊದಲು ಅವರ ಅಂಗೈ ತಿಳಿಯುತ್ತದೆ. ‘ಟಕ್’ ಎನ್ನುವ ಪಾನಾಕ್ಕೆ ಅದು ತಿಳಿಯದು. ಆದರೆ ಹತ್ತು ಬೋಲ್ಟುಗಳಿಗೆ ಒಂದೇ ಸಮನಾದ ಬಿಗಿ ಕೊಡುವುದು ಬೆಳಗಿನಿಂದ ದುಡಿದು ದಣಿದ ತೋಳಿಗೆ ಸಾಧ್ಯವಿಲ್ಲ. ಕೈ ದೋಷವನ್ನು ಹಿಡಿಯಲಿ, ಪಾನಾ ಅಳತೆಯನ್ನು ಹಿಡಿಯಲಿ ಎಂಬುದೇ ಇಬ್ಬರಿಗೂ ಗೌರವ ತರುವ ಹಂಚಿಕೆ.

ಈ ಎಂಜಿನ್ನುಗಳನ್ನು ಮಾಡಿದ ಕಾರ್ಖಾನೆಗಳ ಸಾಲುಗಳು ನಿಂತಿವೆ, ಪುಸ್ತಕಗಳು ಎಣ್ಣೆ ಹೀರಿ ಹರಿಯುತ್ತಿವೆ, ಅಂಕಿಗಳನ್ನು ಬಾಯಿಪಾಠವಾಗಿ ಬಲ್ಲವರಿಗೆ ವಯಸ್ಸಾಗುತ್ತಿದೆ. ಆದಕಾರಣ ಹಳೆಯ ಎಂಜಿನ್ನೊಂದನ್ನು ಬಿಚ್ಚಿ ಕೂಡಿಸುವ ಪ್ರತಿಯೊಬ್ಬರೂ ಎಂಜಿನ್ ನಂಬರು, ಬೋಲ್ಟಿನ ಅಳತೆ ಮತ್ತು ದರ್ಜೆ, ಬಿಗಿಯ ಅಂಕಿ ಮತ್ತು ಅದರ ಮಾನ, ಎಣ್ಣೆ ಹಚ್ಚಿದರೋ ಇಲ್ಲವೋ ಎಂಬಿಷ್ಟನ್ನು ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲೇ ಬರೆದಿಟ್ಟು, ಮುಂದೆ ಅದೇ ಹೆಡ್ಡನ್ನು ಬಿಚ್ಚುವವರ ಕೈಗೆ ಸಿಗುವಂತೆ ವಾಹನದ ಕಾಗದಪತ್ರಗಳ ಜೊತೆ ಇಡುವುದು ಒಳ್ಳೆಯದು.