‘ಬಂದ್ ಇದೆ’ ಎಂದರೆ ಏನರ್ಥ?

ನನ್ನ ತಂಗಿಯ ಮಗನ ಎಡಗೈಯಲ್ಲಿ ಎರಡು ಬೆರಳುಗಳಿಲ್ಲ. ಅವು ಹೋದದ್ದು ಒಂದು ವಾಕ್ಯದಿಂದ. ಹೀಗೆ ಹೇಳಿದರೆ ಕೇಳಿದವರು ನನ್ನ ಮುಖ ನೋಡುತ್ತಾರೆ, ಮೇಷ್ಟರು ಏನೋ ಉಪಮೆ ಹೇಳುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಉಪಮೆಯಲ್ಲ, ನಡೆದ ಸಂಗತಿ.

ಹುಡುಗ ಐಟಿಐಯಲ್ಲಿ ಫಿಟ್ಟರ್ ಕಲಿತವನು. ನಮ್ಮ ಜಿಲ್ಲೆಯ ಹೊರಗಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದ. ಅಂದು ಅವನದು ರಾತ್ರಿ ಪಾಳಿ. ಹಿಂದಿನ ಪಾಳಿಯವರು ಆಗಲೇ ಹೊರಟು ಹೋಗಿದ್ದರು. ಮೇಜಿನ ಮೇಲೆ ರಿಜಿಸ್ಟರ್ ಇತ್ತು. ಅದರಲ್ಲಿ, ‘3ನೇ ಬೆಲ್ಟ್ ಬಂದ್ ಇದೆ, ರೋಲರ್ ನೋಡಬೇಕು’ ಎಂದು ಬರೆದಿತ್ತು. ರಿಪೇರಿಗೆಂದೇ ಬಂದ್ ಮಾಡಿಟ್ಟಿದ್ದಾರೆ ಎಂದು ಹುಡುಗ ತಿಳಿದ. ಆದರೆ ಬೆಲ್ಟನ್ನು ಯಾರೂ ಬಂದ್ ಮಾಡಿರಲಿಲ್ಲ. ಮೇಲಿನ ತೊಟ್ಟಿಯಲ್ಲಿ ಮಾಲು ಮುಗಿದದ್ದರಿಂದ ಅದು ತಾನಾಗಿ ನಿಂತಿತ್ತು. ಮಾಲು ಬಿದ್ದೊಡನೆ ತಾನಾಗಿಯೇ ತಿರುಗಿತು. ಆಗ ಅವನ ಕೈ ರೋಲರ್ ಬಳಿ ಇತ್ತು.

ಬರೆದವನು ಸುಳ್ಳು ಬರೆದಿರಲಿಲ್ಲ. ಓದಿದವನು ತಪ್ಪು ಓದಿರಲಿಲ್ಲ. ನನ್ನನ್ನು ಬಹಳ ದಿನ ನಿದ್ದೆಗೆಡಿಸಿದ್ದು ಇದೇ.

ಇನ್ನೂ ಒಂದು ಮಾತಿದೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಪರಿಹಾರದ ಅರ್ಜಿಯ ಜೊತೆ ಘಟನೆಯ ವಿವರ ಬರೆದುಕೊಡಬೇಕಿತ್ತು. ತಂಗಿ ನನ್ನ ಕಡೆಗೇ ನೋಡಿದಳು. ಮನೆಯಲ್ಲಿ ಓದಿದವನು ನಾನು. ಮದ್ರಸದಲ್ಲಿ ಏಳು ವರ್ಷ ಕಲಿತು, ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬಿ.ಎ. ಮಾಡಿಕೊಂಡವನು. ಮಕ್ಕಳಿಗೆ ಭಾಷೆ ಕಲಿಸುವುದೇ ನನ್ನ ಕಸುಬು. ಒಂದು ರಾತ್ರಿ ಕುಳಿತು ಮೂರು ಪುಟ ಬರೆದೆ. ‘ತಮ್ಮಲ್ಲಿ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂದು ಶುರುವಾಗಿ, ವಿಧವೆ ತಾಯಿ, ಎಳೆಯ ತಂಗಿಯರು, ಕತ್ತಲಾದ ಭವಿಷ್ಯ ಎಲ್ಲವೂ ಅದರಲ್ಲಿ ಬಂದವು. ಓದಿ ಹೇಳಿದಾಗ ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಒಳ್ಳೆಯದನ್ನೇ ಬರೆದಿದ್ದೇನೆ ಎಂದುಕೊಂಡೆ.

ಕಚೇರಿಯಲ್ಲಿ ಕುಳಿತಿದ್ದ ಗುಮಾಸ್ತರು ಮೂರೂ ಪುಟ ಓದಿದರು. ಒಳ್ಳೆಯ ಮನುಷ್ಯ, ಗದರಲಿಲ್ಲ. “ಮಾಸ್ತರೇ, ಇದರಲ್ಲಿ ಎಷ್ಟು ಗಂಟೆಗೆ ಆಯಿತು ಅನ್ನೋದಿಲ್ಲ. ಯಾವ ಮಷೀನು ಅನ್ನೋದಿಲ್ಲ. ರಿಜಿಸ್ಟರಿನಲ್ಲಿ ಏನಿತ್ತು, ಯಾರು ನೋಡಿದರು ಅನ್ನೋದೂ ಇಲ್ಲ. ಇದನ್ನ ನಾನು ಏನಂತ ಮುಂದೆ ಕಳಿಸಲಿ?” ಎಂದು ಕಾಗದ ತಿರುಗಿ ಕೊಟ್ಟರು.

ದಾಂಡೇಲಿಗೆ ಬಸ್ಸಿನಲ್ಲಿ ಹಿಂತಿರುಗುವಾಗ ಹುಡುಗ ಕಿಟಕಿಯ ಪಕ್ಕ ಕುಳಿತು ಕಾಡು ನೋಡುತ್ತಿದ್ದ. “ಪರವಾಗಿಲ್ಲ ಮಾಮು” ಎಂದು ಅವನೇ ನನಗೆ ಸಮಾಧಾನ ಹೇಳಿದ.

ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಶಿಫ್ಟ್ ಫೋರ್‌ಮನ್ ಇದ್ದಾರೆ. ಮೂವತ್ತು ವರ್ಷಕ್ಕೂ ಮೇಲೆ ಪಾಳಿ ಪುಸ್ತಕ ಬರೆದವರು. ಆ ಕಾಗದವನ್ನು ಅವರ ಮುಂದಿಟ್ಟೆ. ಕನ್ನಡಕ ಏರಿಸಿ ಓದಿ ನಕ್ಕರು. “ಮಾಸ್ತರ್ರ, ಇದು ಭಾಷಣ ಆತು. ಶಿಫ್ಟ್ ಬುಕ್ ಓದಾಂವ ರಾತ್ರಿ ಎರಡಕ್ಕ ನಿದ್ದಿಗಣ್ಣಾಗ ಓದ್ತಾನ. ಬರದಾಂವ ಆಗ ಮನ್ಯಾಗ ಮಲಗಿರ್ತಾನ. ಕೇಳಾಕ ಯಾರೂ ಇರೂದಿಲ್ಲ. ಅಂಥಾಂವಗ ತಿಳಿಯೂಹಂಗ ಬರೀಬೇಕು.”

ಆಮೇಲೆ ಅವರು ನನಗೇ ಒಂದು ಪ್ರಶ್ನೆ ಹಾಕಿದರು: “ಬಂದ್ ಅಂದ್ರ ಎಷ್ಟು ನಮೂನಿ ಹೇಳ್ರಿ?”

ನಾನು ಒಂದೇ ಎಂದೆ. ಅವರು ಬೆರಳು ಮಡಚಿ ಎಣಿಸಿದರು. ಕೆಲಸವಿಲ್ಲದೆ ಸುಮ್ಮನೆ ನಿಂತದ್ದು ಬಂದ್. ಕೆಟ್ಟು ನಿಂತದ್ದೂ ಬಂದ್. ಕರೆಂಟ್ ಹೋಗಿ ನಿಂತದ್ದು, ಸ್ವಿಚ್ ಒತ್ತಿ ನಿಲ್ಲಿಸಿದ್ದು, ಇವೂ ಬಂದ್. ಮೇನ್ ಆಫ್ ಮಾಡಿ, ಅದಕ್ಕೆ ಬೀಗ ಜಡಿದು, ಕೀಲಿಯನ್ನು ಕೆಲಸ ಮಾಡುವವನೇ ಕಿಸೆಯಲ್ಲಿಟ್ಟುಕೊಂಡು, ತನ್ನ ಹೆಸರಿನ ಚೀಟಿ ಕಟ್ಟಿದ್ದು ಐದನೆಯದು. ಮಷೀನಿನೊಳಗೆ ಕೈ ಹಾಕಬಹುದಾದದ್ದು ಆ ಐದನೆಯದರಲ್ಲಿ ಮಾತ್ರ. ಅದೂ ಬೀಗ ಹಾಕಿದ ಮೇಲೆ ಒಮ್ಮೆ ಚಾಲೂ ಬಟನ್ ಒತ್ತಿ, ತಿರುಗುವುದಿಲ್ಲ ಎಂದು ಕಣ್ಣಾರೆ ಕಂಡ ಮೇಲೆ.

ಓದುಗ ಸಹೋದರಿಯರು ಕಾರ್ಖಾನೆಯ ಮಾತು ನಮಗೇಕೆ ಎನ್ನಬಾರದು. ‘ಗ್ಯಾಸ್ ಬಂದ್ ಮಾಡಿದೆಯಾ?’ ಎಂದು ಹಾಸಿಗೆಯಿಂದಲೇ ಕೇಳುತ್ತೇವೆ. ‘ಮಾಡಿದೆ’ ಎಂಬ ಉತ್ತರ ಬರುತ್ತದೆ. ಒಲೆಯ ಕಿವಿ ತಿರುಗಿಸಿದ್ದೋ, ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿದ್ದೋ? ಕೇಳಿದವರ ಮನಸ್ಸಿನಲ್ಲಿ ಒಂದು, ಹೇಳಿದವರ ಮನಸ್ಸಿನಲ್ಲಿ ಇನ್ನೊಂದು ಇರಬಹುದು.

ನಮ್ಮ ಊರಿನಲ್ಲಿ ಈ ಪದದ ಅಪಾಯ ಸ್ವಲ್ಪ ಹೆಚ್ಚೇ ಎನ್ನಬೇಕು. ದಾಂಡೇಲಿ ಬೆಳೆದದ್ದು ಕಾಡು, ಕಾಳಿ ನದಿ ಮತ್ತು ಕಾರ್ಖಾನೆಗಳಿಂದ. 1955ರಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಂಪನಿ ಸ್ಥಾಪನೆಯಾಗಿ 1959ರಲ್ಲಿ ಕಾಗದ ತಯಾರಿಕೆ ಶುರುವಾಯಿತು. ಕೆಲಸ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಜನ ಬಂದರು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕೊಂಕಣಿ, ಗೆಳೆಯರೊಂದಿಗೆ ಮರಾಠಿ, ಶಾಲೆಯಲ್ಲಿ ಕನ್ನಡ ಎಂದು ಬೆಳೆದವರು ನಾವು. ‘ಬಂದ್’ ಎಂಬ ಪದ ಈ ನಾಲ್ಕೂ ಭಾಷೆಗಳಲ್ಲಿ ಇದೆ. ಆದ್ದರಿಂದ ಎಲ್ಲರಿಗೂ ಅರ್ಥವಾಯಿತು ಎಂಬ ಭ್ರಮೆ ಹುಟ್ಟುತ್ತದೆ. ತಿಳಿಯದ ಪದವಾದರೆ ಮನುಷ್ಯ ತಿರುಗಿ ಕೇಳುತ್ತಾನೆ. ತಿಳಿದ ಪದವಾದರೆ ಯಾರು ಕೇಳುತ್ತಾರೆ?

ಫೋರ್‌ಮನ್ ಸಾಹೇಬರ ಮನೆಯಿಂದ ಬಂದ ರಾತ್ರಿ ನನಗೆ ನೆನಪಾದದ್ದು ಮದ್ರಸದ ವ್ಯಾಕರಣದ ಪಾಠ. ಅರಬಿಯಲ್ಲಿ ಮಾಡಿದವನು ಯಾರೆಂದು ತಿಳಿಯುವ ಕ್ರಿಯಾಪದಕ್ಕೆ ‘ಮಅರೂಫ್’ ಎಂದೂ, ಮಾಡಿದವನನ್ನು ಹೇಳದ ಕ್ರಿಯಾಪದಕ್ಕೆ ‘ಮಜ್‌ಹೂಲ್’ ಎಂದೂ ಹೆಸರು. ಮಜ್‌ಹೂಲ್ ಎಂದರೆ ಅಜ್ಞಾತ. ಕನ್ನಡದಲ್ಲಿ ನಾವು ಕರ್ಮಣಿ ಪ್ರಯೋಗ ಎಂದು ಕಲಿಸುತ್ತೇವಲ್ಲ, ಅದೇ. ಉಸ್ತಾದರು ಪ್ರತಿ ವಾಕ್ಯಕ್ಕೂ ‘ಫಾಇಲ್ ಯಾರು?’ ಎಂದು, ಅಂದರೆ ಮಾಡಿದವನು ಯಾರು ಎಂದು ಕೇಳುತ್ತಿದ್ದರು. ಹೇಳದಿದ್ದರೆ ಕೂರುವಂತಿರಲಿಲ್ಲ. ಆ ಪ್ರಶ್ನೆಯನ್ನು ಪರೀಕ್ಷೆ ಮುಗಿದ ದಿನವೇ ನಾನು ಮರೆತಿದ್ದೆ. ‘ವಾಲ್ವ್ ಮುಚ್ಚಲಾಗಿದೆ’, ‘ದುರಸ್ತಿ ಮಾಡಲಾಗುವುದು’, ‘ಸೂಚನೆ ನೀಡಲಾಗಿದೆ’, ನಮ್ಮ ಕಚೇರಿ ಕನ್ನಡವೆಲ್ಲ ಮಜ್‌ಹೂಲ್. ನಾನೂ ನನ್ನ ವಿದ್ಯಾರ್ಥಿಗಳಿಗೆ ಪತ್ರಲೇಖನ ಎಂದು ಕಲಿಸಿದ್ದು ಅದನ್ನೇ. ಗ್ರಂಥಾಲಯದ ಮಹತ್ವ ಬರೆಸಿದ್ದೇನೆ, ಮಳೆಗಾಲದ ಸೊಬಗು ಬರೆಸಿದ್ದೇನೆ. ಸೈಕಲ್ಲಿನ ಬ್ರೇಕ್ ಏಕೆ ಹಿಡಿಯುತ್ತಿಲ್ಲ ಎಂದು ಐದು ಸಾಲು ಬರೆಯಿರಿ ಎಂದು ಒಮ್ಮೆಯೂ ಹೇಳಿದವನಲ್ಲ. ತಂಗಿಯ ಮಗನೂ ನನ್ನ ತರಗತಿಯಲ್ಲೇ ಕುಳಿತಿದ್ದವನು.

ಕುರ್‌ಆನಿನ ಅತ್ಯಂತ ದೀರ್ಘ ವಚನ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ ಎಂಬುದನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅದು ನನ್ನ ಲೇಖನಿಗೂ ಹೇಳಿದ ಮಾತು ಎಂದು ತೋಚಿರಲಿಲ್ಲ.

ಆ ಮೇಲೆ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಸ್ಕಾಟ್ಲೆಂಡಿನ ಬಳಿ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಎಂಬ ತೈಲ ಕಟ್ಟೆಯಿತ್ತು. 1988ರ ಜುಲೈ 6ರಂದು ಅಲ್ಲಿ ಒಂದು ಪಂಪಿನ ಸುರಕ್ಷಾ ವಾಲ್ವನ್ನು ಪರೀಕ್ಷೆಗೆಂದು ಬಿಚ್ಚಿ, ಆ ಜಾಗದಲ್ಲಿ ಬರಿಯ ತಟ್ಟೆಯೊಂದನ್ನು ಕೂರಿಸಿದ್ದರು. ಪಂಪಿನ ದುರಸ್ತಿಗೆ ಒಂದು ಪರವಾನಗಿ ಚೀಟಿ, ವಾಲ್ವಿಗೆ ಬೇರೆಯೇ ಚೀಟಿ. ಸಂಜೆ ಪಾಳಿ ಬದಲಾಯಿತು. ರಾತ್ರಿ ಇನ್ನೊಂದು ಪಂಪು ನಿಂತಾಗ ಹೊಸ ಪಾಳಿಯವರು ಈ ಪಂಪನ್ನು ಚಾಲೂ ಮಾಡಹೊರಟರು. ವಾಲ್ವ್ ಇಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ. ಅನಿಲ ಸೋರಿ ಸ್ಫೋಟವಾಯಿತು. 167 ಜನ ಸತ್ತರು. ವಿಚಾರಣೆ ನಡೆಸಿದ ಲಾರ್ಡ್ ಕಲನ್ 1990ರಲ್ಲಿ 106 ಶಿಫಾರಸುಗಳಿದ್ದ ವರದಿ ಕೊಟ್ಟರು. ಪರವಾನಗಿ ಚೀಟಿ ಮತ್ತು ಪಾಳಿ ಹಸ್ತಾಂತರದ ಲೋಪ ಅದರಲ್ಲಿ ಮುಖ್ಯವಾಗಿತ್ತು.

ಅಲ್ಲಿ ಇಂಗ್ಲಿಷ್ ಬಾರದ ತೊಂದರೆಯೇನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಹುಡುಗರು ನನ್ನ ಬಳಿ ಬಂದು, “ಸರ್, ಸ್ಪೋಕನ್ ಇಂಗ್ಲಿಷ್ ಕಲಿಸಿ, ಇಲ್ಲದಿದ್ದರೆ ಕಂಪನಿಯಲ್ಲಿ ಬೆಲೆ ಇಲ್ಲ” ಎನ್ನುತ್ತಾರೆ. ಇಂಗ್ಲಿಷ್ ಬೇಕು, ಬೇಡವೆನ್ನುವುದಿಲ್ಲ. ಆದರೆ ಕನ್ನಡದಲ್ಲಿ ಅಸ್ಪಷ್ಟವಾಗಿರುವ ಮಾತು ಇಂಗ್ಲಿಷಿಗೆ ಹೋದರೂ ಅಸ್ಪಷ್ಟವಾಗಿಯೇ ಇರುತ್ತದೆ. 1948ರ ಕಾರ್ಖಾನೆ ಕಾಯ್ದೆ ಕೂಡ ತನ್ನ 108ನೇ ಕಲಮಿನಲ್ಲಿ, ಕಾಯ್ದೆ ಪ್ರಕಾರ ಹಾಕುವ ಸೂಚನೆಗಳು ಇಂಗ್ಲಿಷಿನಲ್ಲೂ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು ಎಂದಿತ್ತು.

ಅರ್ಜಿಯ ವಿವರವನ್ನು ಫೋರ್‌ಮನ್ ಸಾಹೇಬರ ಎದುರಿನಲ್ಲೇ ಮತ್ತೆ ಬರೆದೆ. ಒಂದೇ ಪುಟ. ಗಂಟೆ, ಮಷೀನಿನ ನಂಬರು, ರಿಜಿಸ್ಟರಿನ ಸಾಲು ಇದ್ದ ಹಾಗೆಯೇ, ಅಲ್ಲಿದ್ದವರ ಹೆಸರು. ಗುಮಾಸ್ತರು ಅದನ್ನು ತೆಗೆದುಕೊಂಡರು. ತಡವಾದರೂ ಪರಿಹಾರ ಬಂತು. ಬೆರಳಿಗೆ ಪರಿಹಾರ ಎಂಬ ಮಾತೇ ವಿಚಿತ್ರ, ಇರಲಿ.

ನಂತರ ಪ್ರತಿ ಭಾನುವಾರ ಅಸರ್ ನಮಾಝ್ ಆದ ಮೇಲೆ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ತರಗತಿ ಶುರು ಮಾಡಿದೆವು. ಕಲಿಸುವವರು ಫೋರ್‌ಮನ್ ಸಾಹೇಬರು, ಕರಿಹಲಗೆ ಒರೆಸುವವನು ನಾನು. ಮೊದಲ ದಿನದ ಅಭ್ಯಾಸ ಇಷ್ಟೇ: ಮನೆಯ ನೀರಿನ ಮೋಟಾರ್ ಚಾಲೂ ಮಾಡುವುದು ಹೇಗೆಂದು ಬರೆಯಿರಿ. ಬರೆದದ್ದನ್ನು ಮನೆಯವರ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಂಡು ನಿಲ್ಲಿರಿ. ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಅಲ್ಲಿ ನಿಮ್ಮ ತಪ್ಪಿದೆ. ನಾನೂ ಬರೆದು ಹೆಂಡತಿಗೆ ಕೊಟ್ಟೆ. ಆಕೆ ಎರಡನೇ ಸಾಲಿಗೇ ನಿಂತು, “ಯಾವ ಕೆಂಪು ಬಟನ್? ಇಲ್ಲಿ ಎರಡಿವೆ” ಎಂದಳು. ಹನ್ನೆರಡು ವರ್ಷದಿಂದ ಅದೇ ಗೋಡೆ ನೋಡುತ್ತಿದ್ದೇನೆ. ಎರಡಿರುವುದು ನನಗೆ ಗೊತ್ತಿರಲಿಲ್ಲ!

ಹಳಿಯಾಳದಿಂದ ಬರುವ ಹುಡುಗ ಅಲ್ಲಿನ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಯಲ್ಲಿ ತರಬೇತಿ ಪಡೆದು ಮೋಟಾರ್ ರಿಪೇರಿ ಅಂಗಡಿ ಇಟ್ಟವನು. ಮೊದಲು ಚೀಟಿಯಲ್ಲಿ ‘ಮೋಟಾರ್ ರಿಪೇರಿ’ ಎಂದಷ್ಟೇ ಬರೆಯುತ್ತಿದ್ದ. ಈಗ ರೈತ ಹೇಳಿದ ದೂರು, ತಾನು ಕಂಡದ್ದು, ಬದಲಿಸಿದ್ದು, ಬದಲಿಸದೆ ಬಿಟ್ಟದ್ದು, ಎಲ್ಲವನ್ನೂ ಬೇರೆ ಬೇರೆ ಬರೆಯುತ್ತಾನೆ. ‘ಬಿಟ್ಟದ್ದು’ ಬರೆಯತೊಡಗಿದ ಮೇಲೆ ಜಗಳ ನಿಂತಿತು ಎನ್ನುತ್ತಾನೆ. ಜೋಯಿಡಾ ಕಡೆಯ ಇನ್ನೊಬ್ಬ ಗಣೇಶಗುಡಿಯಲ್ಲಿ ಪ್ರವಾಸಿಗರನ್ನು ರಾಫ್ಟಿಂಗ್ ಕರೆದೊಯ್ಯುತ್ತಾನೆ. ಅವನು ನಮಗೇ ಪಾಠ ಹೇಳಿದ. ದೋಣಿ ನೀರಿಗಿಳಿಯುವ ಮುಂಚೆ ನಾಲ್ಕೈದೇ ಆಜ್ಞೆಗಳನ್ನು ಕಲಿಸಿ, ಪ್ರತಿಯೊಂದನ್ನೂ ಜನರಿಂದ ಮಾಡಿಸಿ ನೋಡುತ್ತಾನಂತೆ. “ತಿಳೀತಾ ಅಂತ ಕೇಳಿದ್ರೆ ಎಲ್ರೂ ಹೂಂ ಅಂತಾರೆ ಸರ್. ಮಾಡಿ ತೋರಿಸಿ ಅಂದ್ರೆ ಗೊತ್ತಾಗತ್ತೆ.” ಫೋರ್‌ಮನ್ ಸಾಹೇಬರು ಎದ್ದು ಅವನ ಬೆನ್ನು ತಟ್ಟಿದರು. ಪಾಳಿ ಹಸ್ತಾಂತರದ ಗುಟ್ಟೂ ಅದೇ ಅಂತೆ: ಮಷೀನಿನ ಮುಂದೆ ಇಬ್ಬರೂ ನಿಂತು, ಹೇಳಿದ್ದನ್ನು ಕೇಳಿದವನ ಬಾಯಿಂದ ತಿರುಗಿ ಹೇಳಿಸಬೇಕು.

ಮುಂಡಗೋಡದ ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ. ರಜೆಗೆ ಬಂದಾಗ ಅವಳೂ ಕೂರುತ್ತಾಳೆ. 1966ರಲ್ಲಿ ಅಲ್ಲಿ ಟಿಬೆಟಿಯನ್ನರ ವಸತಿ ಆರಂಭವಾದ ಮೇಲೆ ಆ ಪೇಟೆಗೆ ಬರುವವರ ಭಾಷೆಗಳು ಒಂದೆರಡಲ್ಲ. ವೈದ್ಯರ ಚೀಟಿಯಲ್ಲಿ ‘1-0-1’ ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದರ್ಥ. ಒಬ್ಬ ಅಜ್ಜ ಅದನ್ನು ನೂರಾ ಒಂದು ಎಂದು ಓದಿ, ಇಷ್ಟು ಮಾತ್ರೆ ಯಾವಾಗ ನುಂಗುವುದು ಎಂದು ಗಾಬರಿಯಾದನಂತೆ. ಅವಳು ಲಕೋಟೆಯ ಮೇಲೆ ಸೂರ್ಯನನ್ನೂ ಚಂದ್ರನನ್ನೂ ಬರೆದು, ಪಕ್ಕದಲ್ಲಿ ಗುಳಿಗೆಯ ಚಿತ್ರ ಹಾಕಿ ಕೊಡುತ್ತಾಳೆ.

ತಂಗಿಯ ಮಗ ಈಗ ಬೇರೊಂದು ಕಡೆ ಸ್ಟೋರ್ ಮತ್ತು ಮೇಂಟೆನೆನ್ಸ್ ರಿಜಿಸ್ಟರ್ ನೋಡಿಕೊಳ್ಳುತ್ತಾನೆ. ಕಳೆದ ತಿಂಗಳು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಆ ಹೊತ್ತಿನಲ್ಲಿ ಅವನ ಹೆಸರು ಕಂಡರೆ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

“ಮಾಮು, ಒಂದು ಸಾಲು ಕೇಳಿ. ‘7ನೇ ಲೈನಿನ ವಾಲ್ವ್ ತೆಗೆದಿದೆ’ ಅಂತ ಬರೆದು ಹೋಗಿದ್ದಾರೆ. ಬಾಗಿಲು ತೆಗೆದ ಹಾಗೆ ತೆಗೆದಿದ್ದಾ, ಅಥವಾ ಬಿಚ್ಚಿ ತೆಗೆದಿದ್ದಾ?”

ನಾನು ಏನು ಹೇಳಲಿ? “ಬರೆದವನಿಗೇ ಫೋನ್ ಮಾಡಪ್ಪ” ಎಂದೆ.

“ಮಾಡಿದೆ. ಎತ್ತಲಿಲ್ಲ. ಟಾರ್ಚ್ ತಗೊಂಡು ನೋಡಿ ಬರ್ತೀನಿ” ಎಂದ. ಇಪ್ಪತ್ತು ನಿಮಿಷದ ಮೇಲೆ ಮತ್ತೆ ಫೋನ್ ಬಂತು. ವಾಲ್ವನ್ನು ಬಿಚ್ಚಿ ಬೆಂಚಿನ ಮೇಲಿಟ್ಟಿದ್ದರು. ಅವನು ಆ ಲೈನಿಗೆ ಬೀಗ ಹಾಕಿಸಿ, ಚೀಟಿ ಕಟ್ಟಿ, ರಿಜಿಸ್ಟರಿನಲ್ಲಿ ಆ ಸಾಲಿನ ಕೆಳಗೆ ತನ್ನ ಹೆಸರು ಮತ್ತು ಗಂಟೆ ಹಾಕಿ ಬೇರೆ ಸಾಲು ಬರೆದಿದ್ದ.